ಕೌದಿಯ ಕೂಲಿ ಮತ್ತು ಕಲಿಕೆಯ ದಿನಗಳು ಬದಲಾಗುತ್ತಿರುವ ಬಗ್ಗೆ ನಮ್ಮ ಗ್ರಾಹಕರಿಗೆ

ಪ್ರೀತಿಯ ಗ್ರಾಹಕರಿಗೆ, ಕಲಿಯಲು ಬರುವ ಅಕ್ಕತಂಗಿಯರಿಗೆ ನಮಸ್ಕಾರ.

ಬರುವ ತಿಂಗಳ ಒಂದನೇ ತಾರೀಖಿನಿಂದ ಮೂರು ಬದಲಾವಣೆ ಮಾಡುತ್ತಿದ್ದೇವೆ. ಐದಡಿ ಅಗಲ, ಏಳಡಿ ಉದ್ದದ ನಾಲ್ಕು ಪದರದ ಕೌದಿಗೆ (ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೈಯಲ್ಲಿ ಹೊಲಿಯುವ ಹೊದಿಕೆ) ಹೊಲಿಗೆ ಕೂಲಿ 1,800 ರೂಪಾಯಿ ಇದ್ದದ್ದು 2,600 ಆಗುತ್ತದೆ. ಸೀರೆ ಕೊಟ್ಟ ದಿನದಿಂದ 30 ದಿನಕ್ಕೆ ಕೌದಿ ಕೊಡುತ್ತೇವೆ ಅನ್ನುತ್ತಿದ್ದೆವು, ಇನ್ನು ಮುಂದೆ 45 ದಿನ. ವಾರಕ್ಕೆ ಐದು ಸಂಜೆ ನಡೆಯುತ್ತಿದ್ದ ಕಲಿಕೆ ಮಂಗಳವಾರ, ಗುರುವಾರ ಬೆಳಿಗ್ಗೆ 11ರಿಂದ 1ಕ್ಕೆ ಬರುತ್ತದೆ. ನೌಕರಿಗೆ ಹೋಗುವವರಿಗೆ ತಿಂಗಳ ಮೊದಲನೇ ಮತ್ತು ಮೂರನೇ ಭಾನುವಾರ ಅದೇ ಹೊತ್ತಿಗೆ.

ಮೊದಲು ತಪ್ಪು ಒಪ್ಪಿಕೊಳ್ಳುತ್ತೇವೆ. ದೀಪಾವಳಿಗೆ ಮುಂಚೆ ಸಿಗಬೇಕಿದ್ದ ಕೌದಿಗಳು ಹಬ್ಬ ಕಳೆದ ಮೇಲೆ ಕೈಸೇರಿದವು. ಕೆಲವರು ಮಗಳ ಮನೆಗೆ ಕಳಿಸಬೇಕಿತ್ತು, ಕೆಲವರ ಮನೆಗೆ ನೆಂಟರು ಬರುವವರಿದ್ದರು. ಒಪ್ಪಿಕೊಂಡ ಕೆಲಸ ನಮ್ಮ ಕೈಮೀರಿತ್ತು. ಆಗುವುದಿಲ್ಲ ಎಂದು ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ಕ್ಷಮಿಸಿ. ಇನ್ನು ತಿಂಗಳಿಗೆ ಹತ್ತೇ ದೊಡ್ಡ ಕೌದಿ ಒಪ್ಪಿಕೊಳ್ಳುತ್ತೇವೆ. ಹನ್ನೊಂದನೆಯವರಿಗೆ ಮುಂದಿನ ತಿಂಗಳ ತಾರೀಖು ಬರೆದುಕೊಡುತ್ತೇವೆ.

ಇನ್ನು, ನಾವು ದಿನಾ ಕೇಳುವ ಮಾತು: "ಬಟ್ಟೆ ನಮ್ದೇ, ಬರೀ ದಾರ ಹಾಕೋಕೆ ಇಷ್ಟಾ?" ಅಂಗಡಿಗೆ ಬಂದು ಹೇಳಿದವರಿದ್ದಾರೆ, ಫೋನಿನಲ್ಲಿ ಹೇಳಿದವರಿದ್ದಾರೆ, ನಮ್ಮ ಮನೆಯವರ ಹತ್ತಿರ ಹೇಳಿ ಕಳಿಸಿದವರೂ ಇದ್ದಾರೆ. ಇದಕ್ಕೆ ಸರಿಯಾಗಿ ಉತ್ತರ ಕೊಡಲೇಬೇಕು.

ಐದಡಿ ಅಂದರೆ 60 ಇಂಚು. ಸಾಲಿನಿಂದ ಸಾಲಿಗೆ ಅರ್ಧ ಇಂಚು ಬಿಟ್ಟರೆ 120 ಸಾಲು. ಒಂದೊಂದು ಸಾಲೂ ಏಳಡಿ, ಅಂದರೆ 84 ಇಂಚು. ಇಂಚಿಗೆ ಮೂರು ಟಾಕಿಯಂತೆ (ಟಾಕಿ ಅಂದರೆ ಸೂಜಿಯ ಒಂದೊಂದು ಹೊಲಿಗೆ) ಸಾಲಿಗೆ 252, ಇಡೀ ಕೌದಿಗೆ 30,240 ಟಾಕಿ. ಸಾಲುಗಳನ್ನು ಉದ್ದಕ್ಕೆ ಹಾಸಿದರೆ 840 ಅಡಿ, 256 ಮೀಟರ್. ದಾರ ಪದರಗಳ ಮೇಲೆ ಕೆಳಗೆ ಆಡುತ್ತಾ ಹೋಗುವುದರಿಂದ, ಗಂಟಿನ ತುದಿಗಳೂ ಸೇರಿ 320 ಮೀಟರ್ ಬೇಕಾಗುತ್ತದೆ. ನಾವು ಹಾಕುವುದು ಜೋಡಿ ಎಳೆ, ಹಾಗಾಗಿ 640 ಮೀಟರ್.

ನುರಿತ ಕೈಗೂ ಒಂದು ಸಾಲಿಗೆ ಕಾಲು ಗಂಟೆ ಹಿಡಿಯುತ್ತದೆ. ಸೂಜಿಗೆ ಐದಾರು ಟಾಕಿ ಒಟ್ಟಿಗೆ ಏರಿಸಿ ಎಳೆಯುವವರ ಲೆಕ್ಕ ಇದು. 120 ಸಾಲಿಗೆ 30 ಗಂಟೆ. ಅದಕ್ಕೂ ಮೊದಲು ಸೀರೆ ಬಿಡಿಸಿ ನೋಡಬೇಕು, ಜೀರ್ಣವಾದ ಭಾಗ ಕತ್ತರಿಸಬೇಕು, ಇಸ್ತ್ರಿ ಹಾಕಬೇಕು, ತುಂಡು ಜೋಡಿಸಬೇಕು, ನಾಲ್ಕು ಪದರ ಹಾಸಿ, ಅವು ಸರಿಯದಂತೆ ಕಚ್ಚಾ (ತಾತ್ಕಾಲಿಕ) ಹೊಲಿಗೆ ಹಾಕಬೇಕು. ಕೊನೆಯಲ್ಲಿ ಅಂಚು ಕಟ್ಟಬೇಕು. ಇದಕ್ಕೆಲ್ಲ ಇನ್ನೊಂದು 10 ಗಂಟೆ. ಒಟ್ಟು 40.

ಹಳೆಯ 1,800ರಲ್ಲಿ ದಾರ, ಸೂಜಿ, ಅಂಗಡಿ ಖರ್ಚಿಗೆ 200 ತೆಗೆದರೆ ಉಳಿಯುತ್ತಿದ್ದದ್ದು 1,600. ಗಂಟೆಗೆ 40 ರೂಪಾಯಿ, ಎಂಟು ಗಂಟೆಗೆ 320. ನಮ್ಮ ರಾಜ್ಯದಲ್ಲಿ 2025–26ಕ್ಕೆ ಉದ್ಯೋಗ ಖಾತ್ರಿಯ ದಿನಗೂಲಿಯೇ 370 ರೂಪಾಯಿ ಇತ್ತು. ಹೊಸ ದರದಲ್ಲಿ ಹೊಲಿಯುವವರ ಕೈಗೆ ಗಂಟೆಗೆ 60 ಬರುತ್ತದೆ. ಇದನ್ನು ದುಬಾರಿ ಅನ್ನುವವರು ಒಂದೇ ಒಂದು ಸಾಲು ಹೊಲಿದು ನೋಡಿ. ಸೂಜಿ, ದಾರ, ಬೆರಳಿಗೆ ತೊಡುವ ಅಂಗುಸ್ತಾನ ನಾವೇ ಕೊಡುತ್ತೇವೆ, ಕೂರಲು ಚಾಪೆಯೂ ಇದೆ.

ಎರಡು ಮಾತು ಮಾತ್ರ ಮನಸ್ಸಿಗೆ ನೋವು ಮಾಡಿವೆ. ಒಂದು, "ಕರೆಂಟ್ ಫ್ರೀ ಅಲ್ವಾ ನಿಮಗೆ?" ಗೃಹಜ್ಯೋತಿ ಇರುವುದು ಮನೆಯ ಮೀಟರಿಗೆ. ಅಂಗಡಿಗೆ ಇರುವುದು ವಾಣಿಜ್ಯ ಮೀಟರ್, ಅದರ ಬಿಲ್ಲನ್ನು ತಿಂಗಳು ತಿಂಗಳು ನಾವೇ ಕಟ್ಟುತ್ತೇವೆ. ಇನ್ನೊಂದು, "ಬಸ್ಸೂ ಫ್ರೀ." 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹರಿಹರದ ಕಡೆಯಿಂದ ಬರುವವರಿಗೆ ಅನುಕೂಲ ಆಗಿದೆ, ಸುಳ್ಳು ಹೇಳುವುದಿಲ್ಲ. ಆದರೆ ಆ ಟಿಕೆಟ್ ನಡೆಯುವುದು ಸರ್ಕಾರಿ ಬಸ್ಸಿನಲ್ಲಿ ಮಾತ್ರ. ಖಾಸಗಿ ಬಸ್ಸೇ ಓಡುವ ಹಳ್ಳಿಗಳಿಂದ ಬರುವವರು ದುಡ್ಡು ಕೊಟ್ಟೇ ಬರುತ್ತಾರೆ. ಕೌದಿಯ ಗಂಟು ಹೊತ್ತು ಬಸ್ ನಿಲ್ದಾಣದಿಂದ ಅಂಗಡಿವರೆಗೆ ಆಟೋ ಹಿಡಿಯಲೇಬೇಕು, ಅದಕ್ಕೆ ಯಾವ ಯೋಜನೆಯೂ ಇಲ್ಲ.

"ಮಷೀನಲ್ಲಿ ಒಂದೇ ದಿನಕ್ಕೆ ಹೊಲಿದು ಕೊಡ್ತಾರಂತೆ" ಅನ್ನುವವರಿಗೂ ಹೇಳುತ್ತೇವೆ. ಹೊಸ ಬಟ್ಟೆಗೆ ಮಷೀನ್ ಒಳ್ಳೆಯದೇ, ನಾವೂ ತುಂಡು ಜೋಡಿಸುವುದನ್ನು ಮಷೀನಿನಲ್ಲೇ ಮಾಡುತ್ತೇವೆ. ತೊಳೆದು ತೊಳೆದು ತೆಳ್ಳಗಾದ ಸೀರೆಯ ನಾಲ್ಕು ಪದರದ ಮಾತೇ ಬೇರೆ. ಮಷೀನಿನ ಕೆಳಗಿನ ಹಲ್ಲು ತಳದ ಪದರವನ್ನು ಎಳೆಯುತ್ತದೆ, ಮೇಲಿನದು ಹಿಂದೆ ಉಳಿಯುತ್ತದೆ, ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಬಟ್ಟೆ ಸುಕ್ಕು ಕಟ್ಟಿರುತ್ತದೆ. ಜೊತೆಗೆ ಒತ್ತೊತ್ತಾಗಿ ತೂತು ಬೀಳುವುದರಿಂದ ಜೀರ್ಣ ಬಟ್ಟೆ ಆ ಗೆರೆಯಲ್ಲೇ ಹರಿಯುತ್ತದೆ. ದಾರದ ವಿಷಯವೂ ಅಷ್ಟೇ. ಬಟ್ಟೆಗಿಂತ ದಾರ ಗಟ್ಟಿಯಿದ್ದರೆ ಎಳೆತ ಬಿದ್ದಾಗ ಹರಿಯುವುದು ಬಟ್ಟೆ. ಅದಕ್ಕೇ ನಾವು ಹತ್ತಿ ದಾರ ಬಿಟ್ಟು ಬೇರೆ ಹಾಕುವುದಿಲ್ಲ. ದಾರ ಕಿತ್ತರೆ ಇನ್ನೊಂದು ಸಾಲು ಹಾಕಬಹುದು, ಅಮ್ಮನ ಸೀರೆ ಹರಿದರೆ ಏನು ಮಾಡೋಣ?

ದಿನಗಳು 45 ಆದದ್ದಕ್ಕೂ ಇದೇ ಲೆಕ್ಕ. ನಮ್ಮಲ್ಲಿ ಹೊಲಿಯುವವರೆಲ್ಲ ಸಂಸಾರವಂದಿಗರು. ಬೆಳಿಗ್ಗೆ ರೊಟ್ಟಿ ತಟ್ಟಿ, ಮಕ್ಕಳ ಡಬ್ಬಿ ಕಟ್ಟಿ, ಅತ್ತೆ ಮಾವನ ಔಷಧಿ ನೋಡಿ, ಸೂಜಿ ಹಿಡಿಯಲು ಸಿಗುವುದು ದಿನಕ್ಕೆ ಒಂದೂವರೆ ಗಂಟೆ. ನಲವತ್ತು ಗಂಟೆಯ ಕೆಲಸಕ್ಕೆ 27 ದಿನ ಬೇಕು, ಅದೂ ಒಂದು ದಿನವೂ ತಪ್ಪದಿದ್ದರೆ. ನಡುವೆ ಮಗುವಿಗೆ ಜ್ವರ ಬರುತ್ತದೆ, ಮದುವೆ ಬರುತ್ತದೆ, ಮೆಕ್ಕೆಜೋಳ ಕಟಾವಿಗೆ ಬಂದರೆ ಹೊಲದ ಮನೆಯವರು ಹದಿನೈದು ದಿನ ಸೂಜಿ ಮುಟ್ಟುವುದಿಲ್ಲ. 30 ದಿನ ಅಂದದ್ದೇ ನಮ್ಮ ತಪ್ಪು. ಹೊಲಿಗೆ ಬೇಗ ಮುಗಿಯಲೆಂದು ಸಾಲಿನ ಅಂತರವನ್ನು ಒಂದು ಇಂಚಿಗೆ ಏರಿಸಿ ಎಂದು ಒಬ್ಬರು ಸಲಹೆ ಕೊಟ್ಟರು. ದೊಡ್ಡ ಕೌದಿಗೆ ಅದನ್ನು ಮಾಡುವುದಿಲ್ಲ. ಅಂತರ ಹೆಚ್ಚಾದರೆ ಒಗೆದಾಗ ಒಳಪದರ ಸರಿದು ಮುದ್ದೆಯಾಗುತ್ತದೆ. ಕೂಸಿನ ಕೌದಿಗೆ ಮಾತ್ರ ಒಂದು ಇಂಚಿನ ಅಂತರ ಸಾಕು. ಅದು ಮೂರಡಿಯದು, ಮೂರೇ ಪದರ, ಮೆತ್ತಗಿರಬೇಕು. ಅದರ ಕೂಲಿ 450 ಇದ್ದದ್ದು 450 ಆಗಿಯೇ ಇರುತ್ತದೆ.

ಸಂಜೆಯ ಕಲಿಕೆ ನಿಲ್ಲಿಸಿದ್ದಕ್ಕೆ ಬೇಸರಪಟ್ಟವರಿದ್ದೀರಿ. ಸಂಜೆ ಆರರಿಂದ ಏಳೂವರೆ ಅಂದರೆ ಕಲಿಸುವವರಿಗೂ ಕಲಿಯುವವರಿಗೂ ಒಲೆ ಮುಂದಿರುವ ಹೊತ್ತು, ಮಕ್ಕಳ ಪಾಠದ ಹೊತ್ತು. ಹತ್ತು ಜನ ಹೆಸರು ಬರೆಸಿ ನಾಲ್ಕು ಜನ ಬರುತ್ತಿದ್ದರು. ಅದೂ ಅಲ್ಲದೆ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಕಪ್ಪು ಬಟ್ಟೆಯ ಮೇಲೆ ನೀಲಿ ದಾರ ಕಾಣುವುದಿಲ್ಲ. ಶನಿವಾರ ಶಾಲೆ ಅರ್ಧ ದಿನವಾದ್ದರಿಂದ ಆ ದಿನವನ್ನೂ ಇಟ್ಟಿಲ್ಲ.

ಕಲಿಸುವ ರೀತಿಯನ್ನೂ ಬದಲಿಸಿದ್ದೇವೆ. ಇದು ನಿಮಗೆ ನಷ್ಟವಲ್ಲ ಎಂದು ಧೈರ್ಯವಾಗಿ ಹೇಳುತ್ತೇವೆ. ಇಲ್ಲಿಯವರೆಗೆ ಮೊದಲ ದಿನವೇ ಇಡೀ ಕೌದಿ ಹಾಸುತ್ತಿದ್ದೆವು. ಮನೆಯಲ್ಲಿ ಅದನ್ನು ಹಾಸಲು ನಡುಮನೆಯೇ ಬೇಕು, ಊಟದ ಹೊತ್ತಿಗೆ ಮಡಚಬೇಕು, ಮಡಚಿದ್ದು ಮತ್ತೆ ಬಿಚ್ಚುವುದು ಮುಂದಿನ ತಿಂಗಳು. ಎಷ್ಟೋ ಕೌದಿ ಅಟ್ಟ ಸೇರಿದ್ದು ಹೀಗೆ. ಇನ್ನು ಮುಂದೆ ಒಂದಡಿಯ ಚೌಕಗಳಲ್ಲಿ ಕಲಿಸುತ್ತೇವೆ. ಐದಡಿ ಏಳಡಿ ಕೌದಿಗೆ 35 ಚೌಕ.

ಮೇಲಿನ ಮತ್ತು ತಳದ ಬಟ್ಟೆಯನ್ನು 13 ಇಂಚಿಗೆ ಕತ್ತರಿಸಿ, ಒಳಗಿನ ಎರಡು ಪದರ 12 ಇಂಚಿಗೇ ಇರಲಿ. ಒಳಪದರವನ್ನೂ 13 ಮಾಡಿದರೆ ಜೋಡಣೆಯ ಕಡೆ ಎಂಟು ಪದರ ಸೇರಿ ದಪ್ಪ ಗೆಣ್ಣು ಆಗುತ್ತದೆ, ಸೂಜಿ ಮುರಿಯುತ್ತದೆ. ಕಚ್ಚಾ ಹೊಲಿಗೆಯನ್ನು ನಡುವಿನಿಂದ ನಾಲ್ಕು ಮೂಲೆಗೆ ಹಾಕಿ. ಅಂಚಿನಿಂದ ಒಳಗೆ ಬಂದರೆ ಸಡಿಲ ಬಟ್ಟೆಯೆಲ್ಲ ನಡುವೆ ಉಬ್ಬಿ ನಿಲ್ಲುತ್ತದೆ, ಆಮೇಲೆ ಇಸ್ತ್ರಿಗೂ ಬಗ್ಗುವುದಿಲ್ಲ. ಸಾಲುಗಳೂ ನಡುವಿನಿಂದಲೇ ಶುರುವಾಗಿ ಎರಡೂ ಬದಿಗೆ ಹೋಗಲಿ. ಸುತ್ತಲೂ ಒಂದು ಇಂಚು ಹೊಲಿಯದೆ ಬಿಡಿ. ಜೋಡಿಸುವಾಗ ಮೇಲ್ಬಟ್ಟೆಗಳನ್ನು ಮುಖಕ್ಕೆ ಮುಖ ಇಟ್ಟು ಅರ್ಧ ಇಂಚಿಗೆ ಹೊಲಿಯಿರಿ. ತಿರುಗಿಸಿ, ತಳದ ಒಂದು ಬಟ್ಟೆಯನ್ನು ಚಪ್ಪಟೆಯಾಗಿ ಬಿಟ್ಟು ಇನ್ನೊಂದರ ಅಂಚನ್ನು ಒಳಮಡಚಿ ಅದರ ಮೇಲೆ ಕೈಹೊಲಿಗೆ ಹಾಕಿ. ಕೊನೆಗೆ ಬಿಟ್ಟಿದ್ದ ಜಾಗದಲ್ಲಿ, ಜೋಡಣೆಯ ಎರಡೂ ಬದಿಗೆ, ಸಾಲು ತುಂಬಿಸಿ. ಚೌಕದ ಕೌದಿ ಹರಿಯುವುದಾದರೆ ಜೋಡಣೆಯಲ್ಲೇ ಹರಿಯುವುದು, ಹಾಗಾಗಿ ಈ ಕೊನೆಯ ಸಾಲನ್ನು ದಯವಿಟ್ಟು ಬಿಡಬೇಡಿ.

ಒಂದು ಚೌಕಕ್ಕೆ ಸುಮಾರು 50 ನಿಮಿಷ. ಅನ್ನಕ್ಕಿಟ್ಟು ಕುಕ್ಕರ್ ಕೂಗುವವರೆಗೆ ಆರೇಳು ಸಾಲು ಆಗುತ್ತದೆ. ದಿನಕ್ಕೆ 25 ನಿಮಿಷ ಕೂತರೂ ಎರಡು ದಿನಕ್ಕೊಂದು ಚೌಕ, 70 ದಿನಕ್ಕೆ ಎಲ್ಲ ಚೌಕವೂ ಸಿದ್ಧ. ದಾರವನ್ನು ಒಂದೂವರೆ ಮೊಳಕ್ಕಿಂತ ಉದ್ದ ಹಾಕಬೇಡಿ. ಪದೇ ಪದೇ ಪೋಣಿಸುವುದು ತಪ್ಪಲಿ ಎಂದು ಉದ್ದ ಹಾಕುತ್ತೀರಿ, ಅದು ಸಿಕ್ಕು ಬಿದ್ದು ಉಳಿಸಿದ ಹೊತ್ತಿನ ಎರಡರಷ್ಟು ತಿನ್ನುತ್ತದೆ. ಬದಲಿಗೆ ಬೆಳಿಗ್ಗೆಯೇ ಐದು ಸೂಜಿಗೆ ದಾರ ಪೋಣಿಸಿ ಡಬ್ಬಿಯಲ್ಲಿಡಿ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಎದ್ದೇಳುವ ಮುಂಚೆ ಐದನ್ನೂ ಎಣಿಸಿ. ಸೂಜಿಯನ್ನು ಕೌದಿಗೇ ಚುಚ್ಚಿಟ್ಟು ಹೋಗಬೇಡಿ. ಮಕ್ಕಳು ಅದರ ಮೇಲೆ ಹೊರಳುತ್ತಾರೆ, ಮಳೆಗಾಲದಲ್ಲಿ ತುಕ್ಕಿನ ಕಲೆ ಕೂರುತ್ತದೆ, ಆ ಕಲೆ ಸುಲಭಕ್ಕೆ ಹೋಗುವುದಿಲ್ಲ.

ಹೊಲಿಯಲು ಕೊಡುವವರಿಗೂ ಒಂದಿಷ್ಟು ಕೋರಿಕೆ ಇದೆ. ನಾಲ್ಕು ಕಾಟನ್ ಸೀರೆ ತನ್ನಿ. ಹದಿನೆಂಟು ಅಡಿಯ ಮೂರು ಸೀರೆ ಲೆಕ್ಕಕ್ಕೆ ಸಾಕಾಗುತ್ತದೆ, ಆದರೆ ನೆರಿಗೆ ಸಿಕ್ಕಿಸುವ ಭಾಗ ಮತ್ತು ಕಾಲಿಗೆ ತಾಗುವ ಅಂಚು ಮೊದಲು ಸವೆಯುವುದರಿಂದ ಅದನ್ನು ತೆಗೆದರೆ ಸಾಲದು. ಉಳಿದ ತುಂಡನ್ನು ಇಟ್ಟುಕೊಳ್ಳುವುದಿಲ್ಲ, ಕೌದಿಯ ಜೊತೆಗೇ ಮಡಚಿ ಕೊಡುತ್ತೇವೆ. ಬಟ್ಟೆಯನ್ನು ಎರಡು ಹೆಬ್ಬೆರಳಿನ ನಡುವೆ ಹಿಡಿದು ಎಳೆಯಿರಿ, ಚರ್ ಎಂದರೆ ಅದು ಒಳಪದರಕ್ಕೂ ಬೇಡ. ಗಂಜಿ ಹಾಕಿದ ಸೀರೆಯನ್ನು ಬಿಸಿನೀರಿನಲ್ಲಿ ನೆನೆಸಿ ಗಂಜಿ ಪೂರ್ತಿ ಬಿಡಿಸಿ, ಇಲ್ಲದಿದ್ದರೆ ಸೂಜಿ ಇಳಿಯುವುದಿಲ್ಲ, ಪೆಟ್ಟಿಗೆಯಲ್ಲಿಟ್ಟಾಗ ಹುಳವೂ ಬರುತ್ತದೆ. ತಳಕ್ಕೆ ಹೊಸ ಬಟ್ಟೆ ಕೊಡುವುದಾದರೆ ಒಮ್ಮೆ ಒಗೆದು ಒಣಗಿಸಿ ತನ್ನಿ. ಒಗೆಯದೆ ಹೊಲಿದರೆ ಮೊದಲ ಒಗೆತದಲ್ಲಿ ಅದೊಂದೇ ಕುಗ್ಗಿ ಮೇಲಿನದು ನಿರಿಗೆ ಬೀಳುತ್ತದೆ.

ಕೆಂಪು, ಕಡುನೀಲಿ, ಹಸಿರು ಸೀರೆಗಳನ್ನು ಇನ್ನು ನಿಮ್ಮೆದುರೇ ಪರೀಕ್ಷಿಸುತ್ತೇವೆ. ಬಿಳಿ ಬಟ್ಟೆ ಒದ್ದೆ ಮಾಡಿ ಉಜ್ಜಿದಾಗ ಬಣ್ಣ ಹತ್ತಿದರೆ ವಾಪಸು ಕೊಡುತ್ತೇವೆ. ಉಪ್ಪು ನೀರಿನಲ್ಲಿ ನೆನೆಸಿದರೆ ನಿಲ್ಲುತ್ತದೆ ಎಂಬ ನಂಬಿಕೆಯ ಮೇಲೆ ಒಂದು ಕೌದಿ ಹೊಲಿದೆವು, ತಿಳಿ ಹಳದಿ ಚೌಕಗಳಿಗೆಲ್ಲ ಕೆಂಪು ಇಳಿಯಿತು. ಆ ಗ್ರಾಹಕರಿಗೆ ಕೂಲಿ ಹಿಂತಿರುಗಿಸಿದ್ದೇವೆ. ಸೀರೆ ಹಿಂತಿರುಗಿಸಲು ಆಗಲಿಲ್ಲ, ಆ ನೋವು ಇದೆ.

ಮೊಳಕಾಲ್ಮೂರು ರೇಷ್ಮೆ ಸೀರೆ ತರುವವರು ಹೆಚ್ಚುತ್ತಿದ್ದಾರೆ. ಹಳೆಯ ರೇಷ್ಮೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ, ಜರಿ ಮೈಗೆ ಚುಚ್ಚುತ್ತದೆ. ಹೊದೆಯುವ ಕೌದಿಗೆ ಅದು ಬೇಡ. ಗೋಡೆಗೆ ಹಾಕುವ ಚಿಕ್ಕದಾದರೆ, ತೆಳು ಕಾಟನ್ ಅಸ್ತರ ಕೊಟ್ಟು ಮಾಡಬಹುದು.

ಒಗೆಯುವಾಗ ಬಕೆಟ್ಟಿನಲ್ಲಿ ತುರುಕಬೇಡಿ. ಮಹಾನವಮಿಗೆ ಮುಂಚೆ ಹಾಸಿಗೆ ಹೊದಿಕೆಯೆಲ್ಲ ಚಾನಲ್ಲಿಗೆ (ಕಾಲುವೆಗೆ) ಒಯ್ದು ಒಗೆಯುವವರು ಕಲ್ಲಿಗೆ ಬಡಿಯದೆ ಕಾಲಲ್ಲಿ ತುಳಿದು ಜಾಲಿಸಿ. ಹಿಂಡಬೇಡಿ, ನೀರು ಸೋರಲು ಬಿಡಿ. ತಂತಿಗೆ ಒಂದೇ ಮಡಿಕೆಯಲ್ಲಿ ಹಾಕಿದರೆ ಒದ್ದೆ ಭಾರಕ್ಕೆ ನಡುವಿನ ಟಾಕಿ ಕೀಳುತ್ತದೆ. ಮಂಚದ ಮೇಲೋ ಎರಡು ತಂತಿಯ ಮೇಲೋ ಅಗಲವಾಗಿ ಹರಡಿ. ಟಾಕಿ ಕಿತ್ತರೆ ನಮ್ಮಲ್ಲಿ ಹೊಲಿಸಿದ ಯಾವ ಕೌದಿಗೂ ಹತ್ತು ಸಾಲಿನವರೆಗೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಎಷ್ಟು ವರ್ಷ ಹಳೆಯದಾದರೂ ತನ್ನಿ, ಯಾರ ಕೈ ಹೊಲಿಗೆ ಎಂದು ನೋಡಿದ ಕೂಡಲೇ ಹೇಳುತ್ತೇವೆ.

ಈಗಾಗಲೇ ಸೀರೆ ಕೊಟ್ಟು ಚೀಟಿ ಪಡೆದವರಿಗೆ ಹಳೆಯ ದರವೇ. ಚೀಟಿ ಕಳೆದಿದ್ದರೂ ಚಿಂತೆಯಿಲ್ಲ, ನಿಮ್ಮ ಸೀರೆಗಳ ಬಣ್ಣ ಹೇಳಿದರೆ ಸಾಕು. ಸಂಜೆಯ ತರಗತಿಗೆ ಶುಲ್ಕ ಕಟ್ಟಿ ದಿನ ಉಳಿಸಿಕೊಂಡವರು ಮಂಗಳವಾರ, ಗುರುವಾರ ಅಥವಾ ಭಾನುವಾರಕ್ಕೆ ಬದಲಿಸಿಕೊಳ್ಳಿ. ಯಾವುದೂ ಹೊಂದದಿದ್ದರೆ ಉಳಿದ ದಿನದ ಹಣವನ್ನು ಈ ತಿಂಗಳ ಕೊನೆಯೊಳಗೆ ಬಂದು ತೆಗೆದುಕೊಂಡು ಹೋಗಿ. ಅಂಗಡಿ ಬೆಳಿಗ್ಗೆ ಹತ್ತೂವರೆಯಿಂದ ತೆರೆದಿರುತ್ತದೆ.

ಇಂತಿ ನಿಮ್ಮ ಕೌದಿ ಬಳಗದ ಹನ್ನೊಂದು ಮಂದಿ,
ದಾವಣಗೆರೆ