ಲೆನ್ಸ್ ಕೊಳ್ಳುವ ಮುಂಚೆ ಒಂದು ಮಾತು

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಹನ್ನೊಂದು ಮೊಗ್ಗಿನ ಫೋಟೋಗಳನ್ನೂ ನೋಡಿದೆ. ಒಂಬತ್ತು ಮಸುಕು. ಅದಕ್ಕೇ ಸಣ್ಣದನ್ನು ತೀರಾ ಹತ್ತಿರದಿಂದ ದೊಡ್ಡದಾಗಿ ಹಿಡಿಯುವ ದುಬಾರಿ ಮ್ಯಾಕ್ರೋ ಲೆನ್ಸ್ ಬೇಕು ಅಂತ ಬರೆದಿದ್ದೀಯ. ಸ್ವಲ್ಪ ತಾಳು. ಈಗಲೇ ಕೊಂಡರೆ ಇದೇ ಮಸುಕು ಇನ್ನೂ ದೊಡ್ಡದಾಗಿ ಕಾಣುತ್ತದೆ, ಅಷ್ಟೇ.

ಮೊಗ್ಗು ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ಮೇಲೆ ತನ್ನ ನಿಜವಾದ ಗಾತ್ರದಲ್ಲೇ ಮೂಡುವಷ್ಟು ಹತ್ತಿರ ಹೋದೆ ಅಂದುಕೋ. ಆಗ ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಲೆನ್ಸಿನ ಕಿಂಡಿಯನ್ನು ಎಫ್/8ಕ್ಕೆ ಇಟ್ಟರೂ (ಈ ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಸಣ್ಣದು) ಚೆನ್ನಾಗಿ ಕಾಣುವ ಪದರ ಹೆಚ್ಚುಕಮ್ಮಿ 1 ಮಿಲಿಮೀಟರ್. ಉಸಿರು ಬಿಟ್ಟರೆ ನೀನು ಅದಕ್ಕಿಂತ ಜಾಸ್ತಿ ಅಲ್ಲಾಡುತ್ತೀಯ! ಹಾಗಂತ ಪದರ ದಪ್ಪವಾಗಲಿ ಅಂತ ಎಫ್/22ಕ್ಕೆ ಹಾರಬೇಡ. ಅಷ್ಟು ಹತ್ತಿರದಲ್ಲಿ ಅದು ಎಫ್/44ರ ಹಾಗೆ ಆಗಿಬಿಡುತ್ತದೆ. ಸಣ್ಣ ಕಿಂಡಿಯಲ್ಲಿ ತೂರುವ ಬೆಳಕು ಹರಡಿಕೊಂಡು ಇಡೀ ಚಿತ್ರವೇ ಮೆತ್ತಗಾಗುತ್ತದೆ. 8ರಿಂದ 11 ಸಾಕು.

ಆ ಒಂದು ಮಿಲಿಮೀಟರನ್ನು ಎಲ್ಲಿಡುತ್ತೀಯ ಅನ್ನುವುದೇ ಆಟ. ಮೊಗ್ಗಿನ ಮೂತಿಗೆ ನೇರವಾಗಿ ನಿಂತರೆ ತುದಿ ಸಿಕ್ಕಿತು, ಮೈ ತಪ್ಪಿತು. ಪಕ್ಕಕ್ಕೆ ಬಾ. ಮೊಗ್ಗಿನ ಉದ್ದ ಸೆನ್ಸರಿಗೆ ಸಮಾನಾಂತರವಾಗಿರಲಿ. ಆಟೋಫೋಕಸ್ ಆರಿಸು. ಮೊಣಕೈಯನ್ನು ಮಂಡಿಗೆ ಊರಿ, ಇಡೀ ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ತೂಗುತ್ತಾ ಐದಾರು ಸಲ ಒಂದೇ ಸಮನೆ ಕ್ಲಿಕ್ಕಿಸು. ಒಂದಾದರೂ ಸಿಗುತ್ತದೆ. ನಾಚಿಕೆ ಬೇಡ, ಎಲ್ಲರೂ ಹೀಗೇ ಮಾಡುವುದು.

ಗಾಳಿಯದು ಇನ್ನೊಂದು ಗೋಳು. ಬೆಳಗಾದ ಹೊಸದರಲ್ಲಿ ಗಾಳಿ ಸಾಮಾನ್ಯವಾಗಿ ಕಮ್ಮಿ, ಆಗಲೇ ಹೋಗು. ಒಮ್ಮೆ ನಾನು ಬುದ್ಧಿವಂತಿಕೆ ತೋರಿಸಲು ಹೋಗಿ, ಎಳೆ ರೆಂಬೆಯೊಂದನ್ನು ಕೋಲಿಗೆ ದಾರದಿಂದ ಬಿಗಿದು ಫೋಟೋ ತೆಗೆದೆ. ಬಿಚ್ಚುವುದು ಮರೆತೇಹೋಯಿತು. ರೆಂಬೆ ದಪ್ಪವಾದಂತೆ ದಾರ ತೊಗಟೆಯೊಳಕ್ಕೆ ಇಳಿದು, ಅದು ಅಲ್ಲಿಂದಾಚೆಗೆ ಒಣಗಿಹೋಯಿತು. ಆ ಫೋಟೋವೂ ಅಂಥ ಚೆನ್ನಾಗೇನೂ ಬಂದಿರಲಿಲ್ಲ ಅನ್ನು.

ಬೆಳಕಿಗೆ ಮೋಡದ ದಿನವೇ ಒಳ್ಳೆಯದು. ಬಿಸಿಲಿದ್ದರೆ ತೆಳು ಬಿಳಿ ಬಟ್ಟೆ ಅಡ್ಡ ಹಿಡಿ. ಮ್ಯಾಗ್ನೋಲಿಯಾದಂಥ ರೋಮದ ಮೊಗ್ಗಾದರೆ ಮಾತ್ರ ಇಳಿಬಿಸಿಲನ್ನು ಅದರ ಬೆನ್ನಿಗೆ ಬಿಡು, ಅಂಚಿನ ಒಂದೊಂದು ರೋಮವೂ ಹೊತ್ತಿಕೊಳ್ಳುತ್ತದೆ.

ಇನ್ನೊಂದು ವಿಷಯ. ಸೇಬು, ಚೆರ್ರಿ, ಮ್ಯಾಗ್ನೋಲಿಯಾಗಳ ಹೂಮೊಗ್ಗು ವಸಂತದಲ್ಲಿ ಹುಟ್ಟುವುದಲ್ಲ. ಹಿಂದಿನ ಬೇಸಿಗೆಯಲ್ಲೇ ಕಟ್ಟಿಕೊಂಡು, ಚಳಿಗಾಲವಿಡೀ ಹೊದಿಕೆಯೊಳಗೆ ಸುಮ್ನೆ ಕೂತಿರುತ್ತದೆ. ಅಂದರೆ ಹೂವಿನ ಸುದ್ದಿ ಬಂದ ಮೇಲೆ ಓಡಿದವನು ತಡ ಮಾಡಿದ ಅಂತಲೇ ಲೆಕ್ಕ. ಒಂದು ಮೊಗ್ಗನ್ನು ಗುರುತು ಮಾಡಿಕೊಂಡು ದಿನಾ ಹೋಗಿ ನೋಡು. ನಾಲ್ಕು ದಿನ ಬೆಚ್ಚಗಾದರೆ ಸಾಕು, ಹೊದಿಕೆ ಬಿರಿದು ಬಣ್ಣದ ಗೆರೆ ಕಾಣಿಸುತ್ತದೆ. ನನಗಂತೂ ಅರಳಿದ ಹೂವಿಗಿಂತ ಆ ಗೆರೆಯೇ ಇಷ್ಟ.

ಜರ್ಮನಿಯ ಕಾರ್ಲ್ ಬ್ಲಾಸ್‌ಫೆಲ್ಟ್ ಬರ್ಲಿನ್ನಿನಲ್ಲಿ ಪಾಠ ಮಾಡುತ್ತಿದ್ದವರು. ತಾವೇ ಮಾಡಿಕೊಂಡ ಕ್ಯಾಮೆರಾದಲ್ಲಿ ಚಿಗುರು, ಮೊಗ್ಗು, ಬೀಜಕೋಶಗಳನ್ನು 30 ಪಟ್ಟಿನವರೆಗೂ ಹಿಗ್ಗಿಸಿ ತೆಗೆದರು. ಅದೆಲ್ಲಾ ಪುಸ್ತಕವಾಗಿ ಹೆಸರು ಬಂದದ್ದು 1928ರಲ್ಲಿ, ಅವರಿಗೆ ಅರವತ್ತು ದಾಟಿದ ಮೇಲೆ. ನಿನಗಿನ್ನೂ ಹತ್ತೊಂಬತ್ತು ಅಲ್ವಾ?

ಖರ್ಚು ಮಾಡಲೇಬೇಕು ಅಂತಿದ್ದರೆ ಎಕ್ಸ್‌ಟೆನ್ಷನ್ ಟ್ಯೂಬ್ ತಗೋ. ಒಳಗೆ ಗಾಜೇ ಇಲ್ಲದ ಬರೀ ಕೊಳವೆ ಅದು. ಇರುವ ಲೆನ್ಸನ್ನೇ ಸೆನ್ಸರಿನಿಂದ ದೂರ ಸರಿಸಿ ಹತ್ತಿರದ್ದನ್ನು ಹಿಡಿಯುತ್ತದೆ. ಸ್ವಲ್ಪ ಬೆಳಕು ತಿನ್ನುತ್ತದೆ, ತಿನ್ನಲಿ.

ಏಳನೇ ಫೋಟೋದಲ್ಲಿ ಎಡಗಡೆ ಒಂದು ಮೊಗ್ಗಿದೆ, ನೀನು ಫೋಕಸ್ ಮಾಡದೇ ಬಿಟ್ಟದ್ದು. ಅದು ಆಗಲೇ ಬಿರಿದಿದೆ. ನಾಳೆ ಬೆಳಿಗ್ಗೆ ಅದನ್ನೇ ತೆಗೆದು ಕಳಿಸು. ಮಸುಕಾದವನ್ನೂ ಕಳಿಸು.

ನಿನ್ನ ದೊಡ್ಡಪ್ಪ