ಕೀಬೋರ್ಡ್ ಮಾರೋ ಮುಂಚೆ

ಮೈಸೂರು

ಪ್ರೀತಿಯ ಪುಟ್ಟನಿಗೆ ಮಾವನ ಆಶೀರ್ವಾದಗಳು.

ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮತ್ತೆಯ ಮಂಡಿನೋವು ಸ್ವಲ್ಪ ಇಳಿದಿದೆ. ಮೊನ್ನೆ ರಾತ್ರಿ ನಿಮ್ಮಮ್ಮ ಫೋನ್ ಮಾಡಿದ್ದಳು. "ಬ್ಯಾಂಡ್ ಬಿಡ್ತಾನಂತೆ, ಕೀಬೋರ್ಡೂ ಮಾರ್ತಾನಂತೆ, ನೀನೇ ಏನಾದ್ರೂ ಹೇಳಪ್ಪ" ಅಂದಳು. ದನಿಯಲ್ಲಿ ಅರ್ಧ ಬೇಜಾರು, ಅರ್ಧ ಖುಷಿ. ಬ್ಯಾಂಡ್ ಬಿಟ್ಟರೆ ನೀನು ಓದ್ತೀಯ ಅಂತ ಅವಳ ಲೆಕ್ಕ. ನನಗೆ ಆ ಭ್ರಮೆ ಇಲ್ಲ.

ವಿಷಯ ಪೂರ್ತಿ ಕೇಳಿಸಿಕೊಂಡೆ. ನಿಮ್ಮ ಹಾಡನ್ನು ಆನ್‌ಲೈನ್‌ನಲ್ಲಿ ಹಾಕಿದಾಗ ಸಂಗೀತ ಅಂತ ಗಿಟಾರ್ ಹುಡುಗನ ಹೆಸರೊಂದೇ ಇತ್ತಂತೆ. ಶುರುವಿನ ಕಾರ್ಡ್ಸ್, ಅಂದರೆ ಒಟ್ಟಿಗೆ ಒತ್ತುವ ಸ್ವರಗಳ ಗುಂಪು, ಎಲ್ಲ ನಿನ್ನವಂತೆ. ಅವನನ್ನು ಕೇಳಿದೆಯಾ ಅಂದರೆ, "ಕೇಳಲಿಲ್ಲ, ಅವರಿಗೇ ಗೊತ್ತಾಗಬೇಕಲ್ವಾ" ಅಂದೆಯಂತೆ. ಈ ಮಾತು ಕೇಳಿದ ಮೇಲೆ ನನಗೆ ನಿದ್ದೆ ಬರಲಿಲ್ಲ ಕಣೋ. ಎದ್ದು ಇಂಗ್ಲೆಂಡಿನ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನ ಹಳೇ ಹಾಡು ಹಾಕಿಕೊಂಡು ಕೂತೆ.

ನೀವೆಲ್ಲ ಆ ಬ್ಯಾಂಡಿನ ಟೀ ಶರ್ಟ್ ಹಾಕ್ಕೊಂಡು ಓಡಾಡ್ತೀರಿ. ಕಪ್ಪು ಬಟ್ಟೆ, ತ್ರಿಕೋನದ ಗಾಜು, ಅದರಿಂದ ಹೊರಡುವ ಬಣ್ಣದ ಪಟ್ಟಿ. ಆ ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸಿದವನ ಹೆಸರು ಕೇಳಿದರೆ ನಿಮ್ಮ ನಾಲ್ಕು ಜನರಲ್ಲಿ ಎಷ್ಟು ಜನ ಹೇಳ್ತೀರಿ? ರಿಚರ್ಡ್ ರೈಟ್. ಎಲ್ಲರೂ ರಿಕ್ ಅಂತಿದ್ದರು. ನಾನು ಏಕವಚನದಲ್ಲೇ ಬರೀತೀನಿ. ಇಷ್ಟು ವರ್ಷ ಕೇಳಿ ಕೇಳಿ ಮನೆಯವನ ಹಾಗೇ ಆಗಿಬಿಟ್ಟಿದ್ದಾನೆ.

ರಿಕ್ ಹುಟ್ಟಿದ್ದು 1943ರಲ್ಲಿ, ಲಂಡನ್ ಅಂಚಿನ ಹ್ಯಾಚ್ ಎಂಡ್‌ನಲ್ಲಿ. ಹನ್ನೆರಡು ವರ್ಷದವನಿದ್ದಾಗ ಕಾಲು ಮುರಿದುಕೊಂಡು ಮಲಗಿದ. ಹೊತ್ತು ಹೋಗದೆ ಗಿಟಾರ್, ಪಿಯಾನೋ ತಾನೇ ಕಲಿತ. 1962ರಲ್ಲಿ ರೀಜೆಂಟ್ ಸ್ಟ್ರೀಟ್ ಪಾಲಿಟೆಕ್ನಿಕ್‌ಗೆ ಆರ್ಕಿಟೆಕ್ಚರ್ ಓದೋಕೆ ಸೇರಿದ. ಅದು ತಲೆಗೆ ಹತ್ತಲಿಲ್ಲ, ಆದರೆ ಅಲ್ಲೇ ರೋಜರ್ ವಾಟರ್ಸ್, ನಿಕ್ ಮೇಸನ್ ಸಿಕ್ಕರು. ಆಮೇಲೆ ಕೇಂಬ್ರಿಡ್ಜ್ ಕಡೆಯ ಸಿಡ್ ಬ್ಯಾರೆಟ್ ಬಂದು ಸೇರಿದ. ಬ್ಯಾಂಡ್ ಆಯಿತು.

1966-67ರ ಲಂಡನ್. ಹುಡುಗರೆಲ್ಲ ಅಮಲಿನಲ್ಲಿ ತೇಲುತ್ತಿದ್ದ ಕಾಲ. (ನಿಮ್ಮಮ್ಮ ಈ ಪತ್ರ ಓದಿದರೆ ಈ ಸಾಲು ಬಿಟ್ಟು ಓದಲಿ.) ಆ ಅಮಲಿನ ಲೋಕವನ್ನೇ ದನಿಯಲ್ಲಿ ತೋರಿಸುವ ಸೈಕೆಡೆಲಿಕ್ ರಾಕ್ ಅಂದರೆ ಬರೀ ಗಿಟಾರ್ ಕಿರುಚಾಟ ಅಂತ ತಿಳಿದವರು ಜಾಸ್ತಿ. ಫ್ಲಾಯ್ಡ್‌ನ ಮೊದಲ ಆಲ್ಬಂ ಕೇಳು, ಆ ತೇಲುವಿಕೆ ಅರ್ಧಕ್ಕರ್ಧ ರಿಕ್‌ನ ಫಾರ್ಫೀಸಾ ಆರ್ಗನ್‌ನಿಂದ ಬಂದದ್ದು. ಆರ್ಗನ್‌ನ ದನಿಯನ್ನು ಬಿನ್ಸನ್ ಅನ್ನೋ ಇಟಲಿಯ ಎಕೋ ಯಂತ್ರಕ್ಕೆ ಕೊಡುತ್ತಿದ್ದ. ಅದರೊಳಗೆ ತಿರುಗುವ ಒಂದು ಲೋಹದ ತಟ್ಟೆ. ನುಡಿಸಿದ ಸ್ವರ ಅದರ ಮೇಲೆ ಅಚ್ಚಾಗಿ, ಒಂದು ಸುತ್ತು ಹೊಡೆದು ಮತ್ತೆ ಮತ್ತೆ ವಾಪಸ್ ಬರುತ್ತಿತ್ತು. 'ಮಟಿಲ್ಡಾ ಮದರ್' ಹಾಡಿನ ಮಧ್ಯದ ಆರ್ಗನ್ ತುಣುಕು ಕೇಳಿದಾಗಲೆಲ್ಲ ನನ್ನ ಕಿವಿಗೆ ವಕುಳಾಭರಣ ರಾಗದ ನೆರಳು ಬಿದ್ದ ಹಾಗಾಗುತ್ತೆ. ಅವನಿಗೆ ಆ ಹೆಸರು ಗೊತ್ತಿತ್ತು ಅಂತಲ್ಲ. 1967ರ ಮೇ ತಿಂಗಳಲ್ಲಿ ಕ್ವೀನ್ ಎಲಿಜಬೆತ್ ಹಾಲ್‌ನಲ್ಲಿ ಒಂದು ಪೆಟ್ಟಿಗೆಯ ಕಡ್ಡಿ ಹಿಡಿದು ತಿರುಗಿಸಿದರೆ ದನಿ ಜನರ ತಲೆಯ ಸುತ್ತ ಪ್ರದಕ್ಷಿಣೆ ಹಾಕುವ ಹಾಗೆ ಮಾಡಿದ್ದರು. ಆ ಕಡ್ಡಿ ಇದ್ದದ್ದೂ ರಿಕ್ ಕೈಯಲ್ಲೇ. ನಾನು ಹಿಂದೆ ನುಡಿಸುತ್ತಿದ್ದ ಆರ್ಕೆಸ್ಟ್ರಾದಲ್ಲಿ ಎರಡು ಸ್ಪೀಕರ್ ಒಟ್ಟಿಗೆ ಕೆಲಸ ಮಾಡಿದ ದಿನ ನಾವು ಹಬ್ಬ ಮಾಡುತ್ತಿದ್ದೆವು!

ಮುಂದೆ ಸಿಡ್‌ಗೆ ತಲೆ ಸರಿಯಿಲ್ಲದಾಯಿತು. ವೇದಿಕೆ ಮೇಲೆ ಸುಮ್ನೆ ನಿಂತುಬಿಡುತ್ತಿದ್ದ. ಉಳಿದವರು ಅವನನ್ನು ಕಾರ್ಯಕ್ರಮಕ್ಕೆ ಕರೆದುಕೊಂಡು ಹೋಗೋದನ್ನೇ ಬಿಟ್ಟರು. ಅವನ ಜಾಗಕ್ಕೆ ಗಿಟಾರ್‌ಗೆ ಡೇವಿಡ್ ಗಿಲ್ಮೋರ್ ಬಂದ. ಆದರೆ ರಿಕ್ ಆಗ ಸಿಡ್ ಜೊತೆಗೇ ರಿಚ್ಮಂಡ್‌ನ ಮನೆಯಲ್ಲಿದ್ದ. ಬಿಟ್ಟು ಹೋಗೋದು ಹೇಗೆ? "ಸಿಗರೇಟ್ ತರೋಕೆ ಹೋಗ್ತೀನಿ" ಅಂತ ಹೇಳಿ ಹೊರಟು, ಕಾರ್ಯಕ್ರಮ ನುಡಿಸಿ, ಮರುದಿನ ಮನೆಗೆ ಬರುತ್ತಿದ್ದನಂತೆ. ಇದನ್ನು ಅವನೇ ಮುಂದೆ ಹೇಳಿಕೊಂಡಿದ್ದಾನೆ. ಎದುರು ನಿಂತು ಕಷ್ಟದ ಮಾತು ಆಡಲಾರದವನ ಲಕ್ಷಣ ನೋಡು ಇದು. ನಮ್ಮ ಮನೆತನಕ್ಕೂ ಇದೆ ಈ ಖಾಯಿಲೆ. ನಿಮ್ಮ ಅಜ್ಜ, ತಮ್ಮಿಂದ ಸಾಲ ತೆಗೆದುಕೊಂಡವನು ಎದುರಿಗೆ ಬಂದರೂ, ತಾವೇ ಸಂದಿಗೆ ತಿರುಗಿಬಿಡುತ್ತಿದ್ದರು.

ಈಗ ಒಂದು ಸ್ವರದ ಕಥೆ ಹೇಳ್ತೀನಿ. 1971ರಲ್ಲಿ ಅವರ ಹತ್ತಿರ ಹೊಸ ಹಾಡೇ ಇರಲಿಲ್ಲ. ಸ್ಟುಡಿಯೋಗೆ ಹೋಗಿ ತೋಚಿದ್ದನ್ನೆಲ್ಲ ನುಡಿಸಿ, ಆ ತುಣುಕುಗಳಿಗೆ 'ನಥಿಂಗ್' ಅಂತಲೇ ಹೆಸರಿಟ್ಟು, ನಂಬರ್ ಹಾಕುತ್ತಾ ಹೋದರು. ಒಂದು ದಿನ ರಿಕ್ ಪಿಯಾನೋದ ಮೇಲಿನ ತುದಿಯ ಒಂದೇ ಒಂದು ಕೀ ಒತ್ತಿದ. ಅದರ ಮೈಕನ್ನು ಲೆಸ್ಲಿ ಸ್ಪೀಕರ್‌ಗೆ ಕೊಟ್ಟಿದ್ದರು. ಲೆಸ್ಲಿ ಅಂದರೆ ಮರದ ಬೀರುವಿನಂಥ ಪೆಟ್ಟಿಗೆ, ಒಳಗೆ ಕೊಂಬು ಗಿರಗಿರ ತಿರುಗುತ್ತೆ, ದನಿ ಹತ್ತಿರ ಬಂದು ದೂರ ಹೋದ ಹಾಗೆ ಅಲೆಯಾಡುತ್ತೆ. 'ಪಿಂಗ್'. ನಲ್ಲಿಯಿಂದ ತುಂಬಿದ ಹಂಡೆಗೆ ಒಂದು ಹನಿ ಬಿದ್ದ ಹಾಗೆ. ಸುತ್ತ ಇದ್ದವರೆಲ್ಲ ಕಿವಿ ನೆಟ್ಟಗೆ ಮಾಡಿದರು. ಆ ಒಂದು ಹನಿಯಿಂದ 'ಎಕೋಸ್' ಅನ್ನೋ 23 ನಿಮಿಷದ ಹಾಡು ಹುಟ್ಟಿತು. ತಮಾಷೆ ಕೇಳು, ಆಮೇಲೆ ಎಷ್ಟು ಸಲ ಪ್ರಯತ್ನಪಟ್ಟರೂ ಅದೇ ಪಿಂಗ್ ಮತ್ತೆ ಬರಲಿಲ್ಲ. ಮೊದಲ ದಿನದ ಕಚ್ಚಾ ಟೇಪಿನದ್ದನ್ನೇ ತೆಗೆದು ಹಾಡಿಗೆ ಅಂಟಿಸಿದರು.

ನೀನು ಒಬ್ಬನೇ ನುಡಿಸಿ ಮಿಂಚುವ ಸೋಲೋ ಇಲ್ಲ, ಸ್ಪೀಡ್ ಇಲ್ಲ ಅಂತ ಕೊರಗ್ತೀಯಲ್ಲ, ಅದಕ್ಕೆ ಇದನ್ನು ಇಷ್ಟು ಉದ್ದ ಬರೆದೆ. ಬೆರಳು ಓಡಿಸುವವರು ಊರಿಗೆ ಹತ್ತು ಜನ ಸಿಗ್ತಾರೆ.

1973ರ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' ಬಗ್ಗೆ ನಿನಗೆ ನಾನು ಹೇಳಬೇಕಾಗಿಲ್ಲ. 1988ರ ಹೊತ್ತಿಗೆ ಅಮೆರಿಕದ ಜನಪ್ರಿಯ ಆಲ್ಬಂಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಒಟ್ಟು 741 ವಾರ ಕೂತಿದ್ದ ಆಲ್ಬಂ. ಅದರ 'ಅಸ್ ಅಂಡ್ ದೆಮ್' ಟ್ಯೂನ್ ರಿಕ್‌ನದು. ಮೊದಲು ಇಟಲಿಯ ನಿರ್ದೇಶಕ ಅಂಟೋನಿಯೋನಿಯ ಒಂದು ಸಿನಿಮಾಕ್ಕೆ ಮಾಡಿದ್ದು. ಚೆನ್ನಾಗಿದೆ, ಆದರೆ ಚರ್ಚ್ ನೆನಪಾಗುತ್ತೆ ಅಂತ ಅವರು ಬೇಡ ಅಂದರಂತೆ. ರಿಕ್ ಅದನ್ನು ಎಸೆಯದೆ ಇಟ್ಟುಕೊಂಡ. ಮೂರು ವರ್ಷ ಆದಮೇಲೆ ಕೆಲಸಕ್ಕೆ ಬಂತು. ನೀನು ಬೇಡ ಅಂತ ಅಳಿಸಿ ಹಾಕಿದ ಟ್ಯೂನುಗಳ ಲೆಕ್ಕ ನನಗೆ ಗೊತ್ತು, ಅದಕ್ಕೇ ಹೇಳ್ತಿದ್ದೀನಿ.

ಅದೇ ಆಲ್ಬಂನಲ್ಲಿ 'ದಿ ಗ್ರೇಟ್ ಗಿಗ್ ಇನ್ ದಿ ಸ್ಕೈ' ಇದೆ. ಪಿಯಾನೋ ರಿಕ್‌ನದು. ಅದರ ಮೇಲೆ ಪದಗಳೇ ಇಲ್ಲದೆ ಒಬ್ಬ ಹೆಣ್ಣುಮಗಳು ಗಂಟಲು ಬಿಚ್ಚಿ ಆಲಾಪ ಮಾಡ್ತಾಳಲ್ಲ, ಅವಳು ಕ್ಲೇರ್ ಟೋರಿ. ಒಂದು ಭಾನುವಾರ ಸ್ಟುಡಿಯೋಗೆ ಕರೆಸಿದರು. ಹಾಡಿದಳು, 30 ಪೌಂಡ್ ತೆಗೆದುಕೊಂಡು ಮನೆಗೆ ಹೋದಳು. ಹಾಡು ಕಟ್ಟಿದವರು ಅನ್ನೋ ಕಡೆ ರೈಟ್ ಹೆಸರೊಂದೇ. ಮೂವತ್ತೊಂದು ವರ್ಷ ಆದಮೇಲೆ, 2004ರಲ್ಲಿ ಅವಳು ಕೋರ್ಟಿಗೆ ಹೋದಳು. ಮರುವರ್ಷ ಹೊರಗಡೆಯೇ ರಾಜಿಯಾಗಿ, ಅಂದಿನಿಂದ ಅವಳ ಹೆಸರೂ ಸೇರಿತು. ನೋಡಿದೆಯಾ? ಹೆಸರು ಕಳೆದುಕೊಳ್ಳುವ ಸಂಕಟ ಚೆನ್ನಾಗಿ ಗೊತ್ತಾಗಬೇಕಿದ್ದ ರಿಕ್‌ನ ಹಾಡಿನಲ್ಲೇ ಇನ್ನೊಬ್ಬಳ ಹೆಸರು ಬಿಟ್ಟುಹೋಗಿತ್ತು. ಬೇಕಂತ ಮಾಡಿದ್ದು ಅಂತ ನಾನು ಹೇಳಲ್ಲ. ಆಗ ಅದು ಯಾರ ತಲೆಗೂ ಹೊಳೆದಿರಲಿಕ್ಕಿಲ್ಲ. ನಿಮ್ಮ ಗಿಟಾರ್ ಹುಡುಗನ ತಲೆಗೂ ಹೊಳೆದಿಲ್ಲದೆ ಇರಬಹುದು. ಕೇಳದೆ ಗೊತ್ತಾಗೋದು ಹೇಗೆ?

ನನ್ನ ಕಥೆಯೊಂದಿದೆ, ನಿಮ್ಮಮ್ಮನಿಗೂ ಪೂರ್ತಿ ಗೊತ್ತಿಲ್ಲ. ಆರ್ಕೆಸ್ಟ್ರಾದಲ್ಲಿದ್ದ ಕಾಲದಲ್ಲಿ ಒಂದು ಭಾವಗೀತೆ ಕ್ಯಾಸೆಟ್‌ಗೆ ನುಡಿಸಿದೆ. ಮೂರು ಹಾಡಿಗೆ ಮಧ್ಯದ ಸಂಗೀತ ನಾನೇ ಕಟ್ಟಿದ್ದೆ. ರಾತ್ರಿ ಎರಡು ಗಂಟೆವರೆಗೆ ಕೂತು, ಹಾರ್ಮೋನಿಯಂ ಮೇಲೆ ಟವೆಲ್ ಮುಚ್ಚಿ, ಪಕ್ಕದ ಮನೆಗೆ ಕೇಳದ ಹಾಗೆ. ಕ್ಯಾಸೆಟ್ ಬಂತು. ಒಳಗಿನ ಕಾಗದ ಬಿಚ್ಚಿ ನೋಡಿದೆ. ಊಟ ತಂದುಕೊಟ್ಟ ಹೋಟೆಲ್‌ಗೂ ವಂದನೆ ಹೇಳಿದ್ದರು, ನನ್ನ ಹೆಸರಿಲ್ಲ. ಅವರಿಗೇ ಗೊತ್ತಾಗಬೇಕು ಅಂತ ನಾನೂ ಸುಮ್ಮನಿದ್ದೆ. ಮುಂದಿನ ಸಲ ಕರೆದಾಗ ಹೊಟ್ಟೆನೋವು ಅಂದೆ. ಅದರ ಮುಂದಿನ ಸಲ ಅವರು ಕರೆಯಲೇ ಇಲ್ಲ. ಆಮೇಲೆ ಬ್ಯಾಂಕ್ ಪರೀಕ್ಷೆ ಬರೆದೆ. ಆ ಹಾಡು ಈಗಲೂ ಯಾರದ್ದಾದರೂ ಮದುವೆ ಮನೆಯಲ್ಲಿ ಕೇಳಿಸಿದರೆ, ನಿಮ್ಮತ್ತೆ ಮೆಲ್ಲಗೆ ನನ್ನ ಕಡೆ ನೋಡ್ತಾಳೆ. ನಾನು ಪಲ್ಯ ಬಡಿಸಿಕೊಳ್ತೀನಿ.

ರಿಕ್‌ಗೆ ಆದದ್ದು ಇದಕ್ಕಿಂತ ಕೆಟ್ಟದ್ದು. 1977ರ 'ಅನಿಮಲ್ಸ್'ನಲ್ಲಿ ಅವನ ರಚನೆ ಒಂದೂ ಇಲ್ಲ. ಆಗ ತನ್ನ ಹತ್ತಿರ ಕೊಡೋಕೆ ಏನೂ ಇರಲಿಲ್ಲ ಅಂತ ಅವನೇ ಒಪ್ಪಿಕೊಂಡಿದ್ದಾನೆ. 1979ರಲ್ಲಿ 'ದಿ ವಾಲ್' ಮಾಡುವಾಗ ಮನೆಯಲ್ಲಿ ಮದುವೆ ಮುರಿದು ಬೀಳ್ತಿತ್ತು, ಸ್ಟುಡಿಯೋಗೆ ಬಂದರೂ ಮಾತಿಲ್ಲ, ಟ್ಯೂನಿಲ್ಲ. ಬೇಸಿಗೆಯಲ್ಲಿ ಗ್ರೀಸ್‌ಗೆ ರಜೆಗೆ ಹೋದವನನ್ನು ಬೇಗ ವಾಪಸ್ ಬಾ ಅಂದರು. ಬರಲ್ಲ ಅಂದ. ವಾಟರ್ಸ್ ಪಟ್ಟು ಹಿಡಿದ, ಆಲ್ಬಂ ಮುಗಿದ ಮೇಲೆ ಇವನು ಬ್ಯಾಂಡಿನಲ್ಲಿರಬಾರದು ಅಂತ. ಉಳಿದವರು ತಡೆಯಲಿಲ್ಲ. ರಿಕ್ ಒಪ್ಪಿಕೊಂಡುಬಿಟ್ಟ. ತಾನೇ ಕಟ್ಟಿದ ಬ್ಯಾಂಡಿನಲ್ಲಿ 1980-81ರ ಕಾರ್ಯಕ್ರಮಗಳಿಗೆ ಸಂಬಳದ ಆಳಾಗಿ ನುಡಿಸಿದ. ಅದೆಷ್ಟು ದೊಡ್ಡ ಸೆಟ್ ಹಾಕಿದ್ದರು ಅಂದರೆ ಉಳಿದ ಮೂವರಿಗೂ ನಷ್ಟ. ದುಡ್ಡು ಎಣಿಸಿಕೊಂಡು ಹೋದವನು ರಿಕ್ ಒಬ್ಬನೇ. ಇದನ್ನು ನೆನೆಸಿಕೊಂಡು ನಾನು ಎಷ್ಟು ಸಲ ನಕ್ಕಿದ್ದೀನೋ.

ಇಲ್ಲಿ ವಾಟರ್ಸ್ ರಾಕ್ಷಸ, ರಿಕ್ ಪಾಪದವನು ಅಂತ ನಾನು ತೀರ್ಪು ಕೊಡಲ್ಲ. ನುಡಿಸುವಾಗ ಸುಮ್ಮನಿರೋದು ರಿಕ್‌ನ ಶಕ್ತಿ. ಎಲ್ಲಿ ಬೆರಳು ಎತ್ತಬೇಕು ಅಂತ ಅವನಿಗೆ ಗೊತ್ತಿದ್ದ ಹಾಗೆ ಯಾರಿಗೂ ಗೊತ್ತಿರಲಿಲ್ಲ. ಆದರೆ ಅದೇ ಸುಮ್ಮನಿರೋದನ್ನು ಅವನು ಮೇಜಿನ ಸುತ್ತ ಕೂತಾಗಲೂ ಮುಂದುವರಿಸಿದ. ನೋವಿದ್ದರೆ ಹೇಳಲಿಲ್ಲ, ಟ್ಯೂನ್ ಬತ್ತಿಹೋಗಿದ್ದರೆ ಅದನ್ನೂ ಹೇಳಲಿಲ್ಲ. ಅಲ್ಲಿ ಅವನ ಮೌನವನ್ನು ಉಳಿದವರು ಸೋಮಾರಿತನ ಅಂತ ಓದಿಕೊಂಡರು.

ನಿನ್ನ ಬಗ್ಗೆಯೂ ಒಂದು ಮಾತು ಕಿವಿಗೆ ಬಿದ್ದಿದೆ. ಈಚೆಗೆ ಪ್ರಾಕ್ಟೀಸ್‌ಗೆ ಒಂದು ಗಂಟೆ ತಡವಾಗಿ ಹೋಗ್ತೀಯಂತೆ, ಹೋದರೂ ಫೋನ್ ನೋಡ್ತಾ ಕೂತಿರ್ತೀಯಂತೆ. ಸಿಟ್ಟಿಗೆ ಹೀಗೆ ಮಾಡ್ತಿದ್ದೀಯ ಅಂತ ನನಗೆ ಅರ್ಥ ಆಗುತ್ತೆ. ಅವರಿಗೆ ಹೇಗೆ ಅರ್ಥ ಆಗಬೇಕು?

ಹೋಗಿ ಮಾತಾಡು. ವಾಟ್ಸಾಪ್‌ನಲ್ಲಿ ಬೇಡ, ಅಲ್ಲಿ ಎಲ್ಲ ಜಗಳ ಆಗುತ್ತೆ. ಟೀ ಅಂಗಡಿಯಲ್ಲಿ, ಅವನೊಬ್ಬನನ್ನೇ ಕೂರಿಸಿಕೊಂಡು ಕೇಳು. "ಶುರುವಿನ ಕಾರ್ಡ್ಸ್ ನನ್ನದು, ನನ್ನ ಹೆಸರೂ ಹಾಕು." ಅಷ್ಟೇ. ವಿವರಣೆ ಕೊಡೋಕೆ ಹೋಗಬೇಡ. ಅವನು ಹಾಕಲ್ಲ ಅಂದರೆ ಆಗ ಬಿಡು, ನಾನೇ ಬಂದು ನಿನ್ನ ಸಾಮಾನು ಆಟೋಗೆ ಹಾಕ್ತೀನಿ. ಇನ್ನು ಮುಂದೆ ಟ್ಯೂನ್ ಹೊಳೆದ ತಕ್ಷಣ ಫೋನಿನಲ್ಲಿ ತಾರೀಖು ಹೇಳಿ ರೆಕಾರ್ಡ್ ಮಾಡಿಕೋ. ಹಾಡು ಹೊರಗೆ ಬಿಡೋ ಮುಂಚೆ ಯಾರ್ಯಾರ ಹೆಸರು ಅಂತ ಬರೆದು ನಾಲ್ಕೂ ಜನ ಓದಿ. ಇದರಲ್ಲಿ ಸ್ನೇಹಕ್ಕೆ ಅವಮಾನ ಏನೂ ಇಲ್ಲ.

ರಿಕ್ ಮುಂದೆ ಏನಾದ ಅಂತ ಕೇಳ್ತೀಯಲ್ಲ? ವಾಟರ್ಸ್ ಬಿಟ್ಟುಹೋದ ಮೇಲೆ 1987ರ ಆಲ್ಬಂಗೆ ವಾಪಸ್ ಬಂದ, ಆಗಲೂ ಸಂಬಳಕ್ಕೆ. 1994ರ 'ದಿ ಡಿವಿಷನ್ ಬೆಲ್' ಹೊತ್ತಿಗೆ ಐದು ರಚನೆಗಳಲ್ಲಿ ಅವನ ಹೆಸರಿತ್ತು, ಒಂದು ಹಾಡನ್ನು ಅವನೇ ಹಾಡಿದ. 2005ರ ಜುಲೈ 2ರಂದು ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ನಾಲ್ವರೂ 24 ವರ್ಷ ಆದಮೇಲೆ ಒಟ್ಟಿಗೆ ನಿಂತರು. ಆ ವಿಡಿಯೋ ನೋಡು, ಕೊನೆಗೆ ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿ ಬಾಗ್ತಾರೆ. 2008ರ ಸೆಪ್ಟೆಂಬರ್ 15ರಂದು ರಿಕ್ ಕ್ಯಾನ್ಸರ್‌ನಿಂದ ಹೋದ. 65 ವರ್ಷ, ನನಗಿಂತ ಚಿಕ್ಕ ವಯಸ್ಸು.

ರಿಕ್ ಇಲ್ಲದೆ 'ಎಕೋಸ್' ನುಡಿಸಲ್ಲ ಅಂತ ಗಿಟಾರ್‌ನ ಡೇವಿಡ್ ಗಿಲ್ಮೋರ್ ತೀರ್ಮಾನ ಮಾಡಿದ. ಬೇರೆಯವರು ಕಲಿತು ನುಡಿಸಬಹುದಾದ ಭಾಗ ಅಲ್ಲ ಅದು ಅನ್ನೋದು ಅವನ ಕಾರಣ. ಬದುಕಿದ್ದಾಗ ಈ ಮಾತನ್ನು ರಿಕ್‌ಗೆ ಎಷ್ಟು ಸಲ ಹೇಳಿದ್ದರೋ.

ಗೌರಿ ಹಬ್ಬಕ್ಕೆ ಅಮ್ಮನ ಜೊತೆ ನೀನೂ ಬಾ. ಕೀಬೋರ್ಡ್ ತಗೊಂಡು ಬಾ, ಆ ಶುರುವಿನ ಕಾರ್ಡ್ಸ್ ನಾನು ಸರಿಯಾಗಿ ಕೇಳಬೇಕು. ಫೋನಿನಲ್ಲಿ ಬರೀ ಡ್ರಮ್ಸೇ ಕೇಳಿಸುತ್ತೆ. ಅಡಾಪ್ಟರ್ ಮರೀಬೇಡ. ಹೋದ ಸಲ ಮರೆತು ಬಂದು, ಊರೆಲ್ಲ ಸುತ್ತಿಸಿದ್ದೆ ನನ್ನನ್ನು.

ಇಂತಿ ನಿನ್ನ
ಸೋದರಮಾವ