ಬೆರಳ ತುದಿಯವರೆಗಿನ ದಾರಿ

ಚಿರಂಜೀವಿ ಸುಧೀಂದ್ರನಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಕಾಗದದ ಕೊನೆಯ ಸಾಲು ನನ್ನ ನಿದ್ದೆ ಕೆಡಿಸಿದೆ. ‘ನರಕ್ಕೆ ಹೊಲಿಗೆ ಹಾಕಿ ಎರಡು ತಿಂಗಳಾಯಿತು, ಮೂರು ಬೆರಳುಗಳು ಇನ್ನೂ ಮರದ ತುಂಡಿನಂತಿವೆ. ಸತ್ತೇಹೋದವೇ ಅತ್ತೆ?’

ಸತ್ತಿಲ್ಲ, ಮಗು. ಆ ಬೆರಳುಗಳ ಸ್ಪರ್ಶ ಒಯ್ಯುವ ನರಕೋಶದ ಒಡಲು ಇರುವುದು ಕುತ್ತಿಗೆಯಲ್ಲಿ, ಬೆನ್ನುಹುರಿಯ ಪಕ್ಕದ ಪುಟ್ಟ ಗಂಟಿನಲ್ಲಿ. ಅಲ್ಲಿಂದ ಬೆರಳ ತುದಿಯವರೆಗೂ ಒಂದೇ ಕೋಶದ ಒಂದೇ ಎಳೆ. ನಿನ್ನ ಮಣಿಕಟ್ಟಿಗೆ ಹೊಕ್ಕ ಗಾಜು ಕತ್ತರಿಸಿದ್ದು ಆ ಎಳೆಯನ್ನು. ಗಾಯದ ಆಚೆಯ ತುಂಡು ಕರಗಿಹೋಯಿತು, ನಿಜ. ಆದರೆ ಅದನ್ನು ಸುತ್ತಿದ್ದ ಕವಚದ ಕೋಶಗಳು ಸಾಲುಗಟ್ಟಿ ದಾರಿ ಉಳಿಸಿಕೊಂಡಿರುತ್ತವೆ. ಹೊಸ ಎಳೆ ಮೊದಲ ಕೆಲವು ವಾರ ಸುಮ್ಮನಿದ್ದು, ಆಮೇಲೆ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ. ಮಣಿಕಟ್ಟಿನಿಂದ ಬೆರಳ ತುದಿಗೆ 18 ಸೆಂಟಿಮೀಟರ್ ಎಂದಿಟ್ಟುಕೊ. ಅಷ್ಟು ದೂರಕ್ಕೆ ಆರು ತಿಂಗಳ ಮೇಲೇ ಬೇಕು. ನಿನ್ನದು ಇನ್ನೂ ಅಂಗೈಯನ್ನೇ ದಾಟಿರಲಾರದು.

ಮೊದಲಿನಷ್ಟೇ ಸೂಕ್ಷ್ಮವಾಗಿ ಮರಳುತ್ತದೆಂದು ಭಾಷೆ ಕೊಡಲಾರೆ. ಕೆಲವು ಎಳೆಗಳು ದಾರಿ ತಪ್ಪುತ್ತವೆ.

ಮಿದುಳಿನಿಂದ 12 ಜೊತೆ, ಬೆನ್ನುಹುರಿಯಿಂದ 31 ಜೊತೆ ನರಗಳೆಂದು 26 ವರ್ಷ ಕಪ್ಪುಹಲಗೆಯ ಮೇಲೆ ಬರೆದವಳು ನಾನು. ಸುದ್ದಿ ಒಯ್ಯುವವು ಜ್ಞಾನವಾಹಿ, ಆಜ್ಞೆ ತರುವವು ಕ್ರಿಯಾವಾಹಿ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿದೆ. ಆದರೂ ನಿನ್ನ ತಾತ ಒಂದು ಸಂಜೆ ಒಂಟಿ ಚಪ್ಪಲಿಯಲ್ಲಿ ಮನೆಗೆ ಬಂದಾಗ ‘ಅಪ್ಪಾ, ಎಲ್ಲಿದೆ ನಿಮ್ಮ ಗಮನ?’ ಎಂದು ಗದರಿದೆ. ಇನ್ನೊಂದು ಕಳಚಿದ್ದು ಅವರಿಗೆ ತಿಳಿದೇ ಇರಲಿಲ್ಲ. ಸಕ್ಕರೆ ಕಾಯಿಲೆ ಅತಿ ಉದ್ದದ ನರಗಳ ತುದಿಯನ್ನೇ, ಎಂದರೆ ಪಾದವನ್ನೇ ಮೊದಲು ಹಿಡಿಯುತ್ತದೆ ಎಂಬುದು ನನಗೆ ಆಗ ಹೊಳೆಯಲಿಲ್ಲ. ಅಂಗಾಲಿನ ಹುಣ್ಣು ನಮಗೆ ಗೊತ್ತಾದದ್ದು ಹಾಸಿಗೆಯ ಮೇಲೆ ಕಲೆ ಬಿದ್ದಾಗ. ನೋವಿದ್ದರೆ ಹೇಳುತ್ತಿದ್ದರು. ನೋವೇ ಇರಲಿಲ್ಲ.

ಅದಕ್ಕೇ ನಿನ್ನ ‘ಮರದ ತುಂಡು’ ಎಂಬ ಮಾತು ಓದಿ ಕೈ ನಡುಗಿತು. ತಾತನ ನರ ಒಳಗೊಳಗೇ ಸವೆಯುತ್ತಿತ್ತು. ನಿನ್ನದು ಕತ್ತರಿಸಿ ಕೂಡಿಸಿದ್ದು, ಬೇರೆ ಮಾತು. ಆದರೂ ಬಿಸಿ ಲೋಟವನ್ನು ಮೊದಲು ಎಡಗೈಯಿಂದ ಮುಟ್ಟಿ ನೋಡು. ಮರಗಟ್ಟಿದ ಆ ಮೂರು ಬೆರಳುಗಳು ಬೆವರುವುದೂ ಇಲ್ಲ, ಏಕೆಂದರೆ ಬೆವರಿಸುವ ಎಳೆಗಳೂ ಅದೇ ನರದೊಳಗೆ ಸಾಗುತ್ತವೆ. ಚರ್ಮ ಒಡೆಯದಂತೆ ಕೊಬ್ಬರಿ ಎಣ್ಣೆ ಸವರಿಕೊ. ಸ್ಪರ್ಶ ಸ್ವಲ್ಪ ಮರಳಿದ ಮೇಲೆ ಅಕ್ಕಿ, ರಾಗಿ, ಹತ್ತಿಯನ್ನು ಕಣ್ಣಿಂದ ನೋಡುತ್ತಾ ಮುಟ್ಟು, ಆಮೇಲೆ ಕಣ್ಣು ಮುಚ್ಚಿ. ಎಂದಿನಿಂದ ಎಂದು ವೈದ್ಯರೇ ಹೇಳಲಿ, ನಾನು ಬರಿಯ ಮೇಷ್ಟರು.

ವೈದ್ಯರು ಮಣಿಕಟ್ಟಿನಿಂದ ಅಂಗೈಯತ್ತ ಮೆಲ್ಲಗೆ ತಟ್ಟುತ್ತಾ ಹೋದಾಗ ಒಂದು ಕಡೆ ಬೆರಳಿಗೆ ಜುಮ್ಮೆಂದು ಹೊಡೆಯುತ್ತದಲ್ಲ, ಎಳೆ ಬಂದು ನಿಂತಿರುವುದು ಅಲ್ಲಿಗೆ. ಆ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕು. ಮುಂದಿನ ತಿಂಗಳು ಎಷ್ಟು ಸರಿದಿದೆ ಎಂದು ಅಳೆದು ನನಗೆ ಬರೆ.

ನಿನ್ನ ಅತ್ತೆ